ಅಕ್ಕನಿಗೆ ಸಿಕ್ಕ ಶಾಬಾಸ್

ಹಳೆಯ ಹತ್ತಿಬಟ್ಟೆಯನ್ನು ಒಗೆದು ಬಿಸಿಲಿಗೆ ಹರವಿದಾಗ ಅದರಿಂದ ಒಂದು ವಾಸನೆ ಏಳುತ್ತದೆ. ಸೋಪಿನದಲ್ಲ, ನೀರಿನದೂ ಅಲ್ಲ. ಎಷ್ಟೋ ಮೈಗಳು ಉಟ್ಟು ಬಿಟ್ಟ ನೂಲು ಕಾದಾಗ ಬರುವ, ಹುರಿದ ಹಿಟ್ಟಿನಂಥ ವಾಸನೆ. ಮೊನ್ನೆ ಹಳಿಯಾಳದ ನಮ್ಮ ಓಣಿಯಲ್ಲಿ ಯಾರದೋ ತಂತಿಯ ಮೇಲಿಂದ ಅದು ಬಂದು ಮೂಗಿಗೆ ಬಡಿದದ್ದೇ, ಸಂತೆಯ ಚೀಲ ಹಿಡಿದುಕೊಂಡು ಅಲ್ಲೇ ನಿಂತುಬಿಟ್ಟೆ. ತೇರಗಾಂವದಿಂದ ಆಚೆ, ಕಾಡಿನ ಅಂಚಿಗಿದ್ದ ಸಿದ್ದಿಯರ ಹತ್ತು ಮನೆಗಳ ನಮ್ಮ ವಾಡೆ ಕಣ್ಣಮುಂದೆ ಬಂತು. ಸಗಣಿ ಸಾರಿಸಿದ ಕಟ್ಟೆಯ ಮೇಲೆ ಕಾಲು ಚಾಚಿ ಕೂತು, ಹಳೇ ಬಟ್ಟೆಯ ತುಂಡು ಜೋಡಿಸಿ ಹೊಲಿಯುವ ಕೌದಿಯನ್ನು ಮೊಣಕಾಲ ಮೇಲೆ ಹರವಿಕೊಂಡ ಅಜ್ಜಿ ಬಂದಳು. ಅಪ್ಪ ಅವ್ವ ಕುಳಗಿಯ ಕಡೆ ಕಟ್ಟಿಗೆ ಕೆಲಸಕ್ಕೆ ಹೋಗಿ ವಾರಕ್ಕೊಮ್ಮೆ ಮನೆ ಕಾಣುತ್ತಿದ್ದರು. ನನ್ನನ್ನೂ ನನಗಿಂತ ಎರಡು ವರ್ಷ ದೊಡ್ಡವಳಾದ ಅಕ್ಕ ಫಿಲೋಮಿನಾಳನ್ನೂ ಸಾಕಿದವಳು ಅಜ್ಜಿಯೇ. ಅಕ್ಕನನ್ನು ಎಲ್ಲರೂ ಫಿಲ್ಲು ಅನ್ನುತ್ತಿದ್ದರು.

ಅಜ್ಜಿ ನಮಗೆ ಕೌದಿ ಹೊಲಿಯುವುದನ್ನು ಕಲಿಸಿದ ರೀತಿಯನ್ನು ನೆನೆದರೆ ಈಗಲೂ ಬೆರಳ ತುದಿ ಚುರುಗುಟ್ಟುತ್ತದೆ. ಅಂಚಿನಿಂದ ಹಿಡಿದು ಸುತ್ತುತ್ತ ಸುತ್ತುತ್ತ ನಡುವಿಗೆ ಬರಬೇಕು, ಹೊಲಿಗೆ ಅಕ್ಕಿಕಾಳಿನಷ್ಟಿರಬೇಕು, ಸಾಲು ಸೊಟ್ಟಗಾಗಬಾರದು. ಸೊಟ್ಟಗಾದರೆ ಅವಳು ಬೈಯುತ್ತ ಕೂರುತ್ತಿರಲಿಲ್ಲ. ಬಟ್ಟೆಯ ಮೇಲೆ ಹೆಬ್ಬೆರಳು ಎಳೆಯುತ್ತ ಹೋಗಿ ಒಂದು ಕಡೆ ನಿಲ್ಲಿಸಿ, "ಇಲ್ಲಿಂದ ಬಿಚ್ಚು," ಅನ್ನುತ್ತಿದ್ದಳು. ಅರ್ಧ ದಿನದ ಕೆಲಸವನ್ನು ನಾವೇ ಬಿಚ್ಚಬೇಕು. ನಾನು ಅಳುತ್ತಿದ್ದೆ, ಫಿಲ್ಲು ಹಲ್ಲು ಕಚ್ಚಿ ಬಿಚ್ಚುತ್ತಿದ್ದಳು. ಹೊಗಳಿಕೆ ಎಂಬುದು ಅಜ್ಜಿಯ ಬಾಯಿಂದ ಬಂದದ್ದೇ ಕಡಿಮೆ. ಫಿಲ್ಲು ತನ್ನ ಮೊದಲ ಕೌದಿ ಮುಗಿಸಿದ ದಿನ ಅದನ್ನು ಹಿಂದೆ ಮುಂದೆ ತಿರುವಿ ನೋಡಿ, "ಇದು ಹೊದಿಯಾಕ ಆಗ್ತೈತಿ," ಅಂದಳು, ಅಷ್ಟೇ. ಆ ರಾತ್ರಿ ತನ್ನ ಕೌದಿಯನ್ನು ಮಡಚಿಟ್ಟು ಫಿಲ್ಲು ಹೊಲಿದದ್ದನ್ನೇ ಹೊದೆದು ಮಲಗಿದಳು. ಫಿಲ್ಲು ಮರುದಿನವಿಡೀ ಸುಮ್ಮಸುಮ್ಮನೆ ನಗುತ್ತಿದ್ದಳು.

ಏಳೂ ವರ್ಗಗಳನ್ನು ಒಂದೇ ಕೋಣೆಯಲ್ಲಿ ಕೂರಿಸುತ್ತಿದ್ದ ಸಾಲೆಯಲ್ಲಿ ನಮಗೆ ಸಿಕ್ಕ ಮಾಸ್ತರು ಇದಕ್ಕೆ ತದ್ವಿರುದ್ಧ. ನಮ್ಮ ಮಟ್ಟಿಗೆ ಮೃದು ಮನುಷ್ಯ, ಬಿಳಿ ಅಂಗಿ, ಜೇಬಿನಲ್ಲಿ ಎರಡು ಪೆನ್ನು. ಊರಿನ ಮಕ್ಕಳು ಕಾಗುಣಿತ ತಪ್ಪಿದರೆ ಅಂಗೈ ಮೇಲೆ ಬೆತ್ತ ಬೀಳುತ್ತಿತ್ತು, ಬರೆಯುವ ಪಟ್ಟಿಯ ತುಂಬ ಕೆಂಪು ಗೀಟು ಬೀಳುತ್ತಿತ್ತು. ನಾವು ನಾಲ್ಕೈದು ಸಿದ್ದಿ ಮಕ್ಕಳು ಹಿಂದಿನ ಸಾಲು. ನಮ್ಮ ಮೇಲೆ ಅವರು ಒಮ್ಮೆಯೂ ಕೈ ಎತ್ತಲಿಲ್ಲ. ಪಟ್ಟಿ ಕೊಟ್ಟರೆ ಹಾಳೆಯ ಮೂಲೆಯಲ್ಲಿ ದೊಡ್ಡದೊಂದು ಸರಿ ಗುರುತು ಎಳೆದು, "ಶಾಬಾಸ್" ಎಂದು ಬೆನ್ನು ತಟ್ಟಿ ಕಳಿಸುತ್ತಿದ್ದರು. ಏಟು ಬೀಳದ ಸಾಲಿನಲ್ಲಿ ಕೂತದ್ದು ಪುಣ್ಯ ಎಂದೇ ನಾನು ತಿಳಿದಿದ್ದೆ. ಫಿಲ್ಲು ಹಳಿಯಾಳದಲ್ಲಿ ನಡೆದ ಆಟೋಟದಲ್ಲಿ ಬರಿಗಾಲಲ್ಲಿ ಓಡಿ ಮೊದಲು ಬಂದು ಸ್ಟೀಲಿನ ತಟ್ಟೆ ಗೆದ್ದ ಮೇಲಂತೂ ಅವರ ಪ್ರೀತಿಗೆ ಮೇರೆಯೇ ಇರಲಿಲ್ಲ. ಬಂದವರಿಗೆಲ್ಲ ಅವಳನ್ನು ಎಬ್ಬಿಸಿ ನಿಲ್ಲಿಸಿ ತೋರಿಸುವರು. "ನೋಡ್ರಿ, ಇವರ ರಕ್ತದಾಗ ಐತಿ ಓಟ!" ಲೆಕ್ಕದ ತಾಸು ಬಂದರೆ, "ಫಿಲ್ಲು, ನೀ ಹೋಗವಾ, ಬಯಲಾಗ ನಾಲ್ಕು ಸುತ್ತು ಓಡು," ಎಂದು ಹೊರಗೆ ಕಳಿಸುವರು. ನಾವು ಭಾಗಾಕಾರ ಕಲಿಯುತ್ತ ಕಿಟಕಿಯಲ್ಲಿ ನೋಡಿದರೆ ಅಕ್ಕ ಧೂಳೆಬ್ಬಿಸುತ್ತ ಓಡುತ್ತಿರುವಳು, ಮುಖದಲ್ಲಿ ಏನೊಂದು ಬೆಳಕು. ಆ ಬೆಳಕನ್ನು ನೆನೆದರೆ ನನಗೆ ಈಗಲೂ ಮೈ ಉರಿಯುತ್ತದೆ.

ಅಕ್ಷರ ಬಾರದ ಅಜ್ಜಿಯೇ ಈ ಶಾಬಾಸಿನ ಗುಟ್ಟನ್ನು ಕಂಡುಹಿಡಿದಳು. ಊರಿನ ದೊಡ್ಡ ಒಕ್ಕಲು ಮನೆಯೊಂದಕ್ಕೆ ಅವಳು ಕೌದಿ ಹೊಲಿದು ಕೊಡುತ್ತಿದ್ದಳು. ಆ ಮನೆಯ ಶಾಂತಾ ಫಿಲ್ಲು ಜೊತೆ ಏಳನೆಯಲ್ಲಿದ್ದಳು. ಒಂದು ಮಧ್ಯಾಹ್ನ ಕೌದಿ ಕೊಡಲು ಹೋದಾಗ ಶಾಂತಾ ಕಟ್ಟೆಯ ಮೇಲೆ ಪಟ್ಟಿ ಹರವಿಕೊಂಡು ಕೂತಿದ್ದನ್ನು ಅಜ್ಜಿ ನೋಡಿದಳು. ತುಂಬ ಕೆಂಪು. "ಇದೇನವಾ ಇಷ್ಟು ಕೆಂಪು?" ಎಂದು ಕೇಳಿದಳು. "ಅವೆಲ್ಲಾ ತಪ್ಪು ಅಜ್ಜಿ. ಮಾಸ್ತರು ತಿದ್ಯಾರ. ನಾಳೆ ಹತ್ತ ಹತ್ತ ಸಲ ಬರಕೊಂಡು ಹೋಗಬೇಕು," ಅಂದಳು ಶಾಂತಾ. ಅಜ್ಜಿ ಮನೆಗೆ ಬಂದು ಫಿಲ್ಲು ಚೀಲದಿಂದ ಪಟ್ಟಿ ತೆಗೆದಳು. ಹಾಳೆ ಹಾಳೆ ತಿರುವಿದಳು. ಕೆಂಪೇ ಇಲ್ಲ. ಫಿಲ್ಲು ಹೆಮ್ಮೆಯಿಂದ, "ನಂದು ಒಂದೂ ತಪ್ಪಿಲ್ಲ," ಅಂದಳು. ಅಜ್ಜಿ ಅವಳ ಮುಖ ನೋಡಿದಳು, ಪಟ್ಟಿ ನೋಡಿದಳು. ನನ್ನನ್ನು ಜೊತೆಗೆ ಕರೆದುಕೊಂಡು ಅದೇ ಪಟ್ಟಿಯೊಂದಿಗೆ ಮತ್ತೆ ಶಾಂತಾಳ ಮನೆಗೆ ನಡೆದಳು. ಶಾಂತಾ ಓದುತ್ತ ಓದುತ್ತ ತಲೆ ತಗ್ಗಿಸಿದಳು. "ಇಲ್ಲಿ ನಾಲ್ಕು ಲೆಕ್ಕದಾಗ ಮೂರು ತಪ್ಪದಾವ ಅಜ್ಜಿ. ಶುದ್ಧಬರಹನೂ ಭಾಳ ತಪ್ಪೈತಿ. ಮಾಸ್ತರು ಎಲ್ಲಾದಕ್ಕೂ ಸರಿ ಹಾಕ್ಯಾರ."

ಮರುದಿನ ಅಜ್ಜಿ ಸಾಲೆಗೆ ಹೋದಳು. ಶಾಂತಾಳಿಂದ ಕೇಳಿ ತಂದದ್ದೂ ಸೇರಿ ಎರಡೂ ಪಟ್ಟಿಗಳನ್ನು ಸೆರಗಿನಲ್ಲಿ ಸುತ್ತಿಕೊಂಡು ಬಾಗಿಲಲ್ಲಿ ನಿಂತ ಅವಳನ್ನು ಕಂಡು ಮಾಸ್ತರು ನಕ್ಕರು. ತಮಗಿಂತ ಇಪ್ಪತ್ತು ವರ್ಷ ದೊಡ್ಡವಳಿಗೆ ಅವರದು ಏಕವಚನವೇ. "ಬಾ ಮುದುಕಿ, ಏನಾತು?"

"ಈ ಹುಡುಗಿ ಪಟ್ಟಿಯೊಳಗ ಕೆಂಪು ಐತಿ. ನಮ್ಮ ಹುಡುಗಿ ಪಟ್ಟಿಯೊಳಗ ಯಾಕಿಲ್ಲರಿ ಮಾಸ್ತರ?"

ಮಾಸ್ತರು ಮೆತ್ತಗೆ, ನಿಜವಾಗಿಯೂ ಕರುಣೆಯಿಂದಲೇ ಹೇಳಿದರು: "ಪಾಪ, ಅವಕ್ಯಾಕ ಅಷ್ಟು ತ್ರಾಸು? ನಾಳೆ ಕಟ್ಟಿಗಿ ಹೊರೂ ಮಕ್ಕಳು. ಸಾಲಿಗೆ ಬರ್ತಾವಲ್ಲ, ಅದೇ ದೊಡ್ಡದು. ನಾನೂ ಬೈದ್ರ ಬರೂದ ಬಿಟ್ಟಾವು."

ಅಜ್ಜಿಯ ದನಿ ಏರಲಿಲ್ಲ. "ಅಕಿ ಓಡಿದ್ರ ಊರಿಗೆಲ್ಲ ತೋರಸ್ತೀರಿ. ಅಕಿ ತಪ್ಪು ಬರದ್ರ ಅಕಿಗೂ ತೋರಸಂಗಿಲ್ಲ. ಕಲೀತಾಳ ಅಂತ ನಂಬಿದ್ರ ತಿದ್ದತಿದ್ರಿ. ನೀವು ನಂಬೇ ಇಲ್ಲ." ಇಡೀ ಸಾಲೆ ಕೇಳುತ್ತಿತ್ತು. ಮುಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಫಿಲ್ಲು ಹಿಂದಿನ ಸಾಲಿನಲ್ಲಿ ಎರಡೂ ಕೈಯಿಂದ ಮುಖ ಮುಚ್ಚಿಕೊಂಡಿದ್ದಳು.

ಅದೇ ಸಂಜೆಯಿಂದ ಅಜ್ಜಿ ಶಾಂತಾಳ ಜೊತೆ ಒಂದು ಒಪ್ಪಂದ ಮಾಡಿಕೊಂಡಳು. ಶಾಂತಾ ನಮ್ಮಿಬ್ಬರ ಪಟ್ಟಿ ತಿದ್ದಬೇಕು, ಅಜ್ಜಿ ಅವಳಿಗೆ ಕೌದಿ ಹೊಲಿಯಲು ಕಲಿಸಬೇಕು. ಹದಿಮೂರರ ಆ ಹುಡುಗಿ ಮಾಸ್ತರಿಗಿಂತ ಕಟು. ಒಂದು ಒತ್ತಕ್ಷರ ತಪ್ಪಿದರೆ ಪುಟವೆಲ್ಲ ಮತ್ತೆ ಬರೆಸುವಳು. ನಾನು ಬೈಯುತ್ತಲೇ ಬರೆದೆ, ಬರೆಯುತ್ತಲೇ ಕಲಿತೆ. ಫಿಲ್ಲು ಮಾತ್ರ ಮೂರನೆಯ ದಿನವೇ ತಿದ್ದಿಸಿಕೊಳ್ಳಲು ಹೋಗುವುದನ್ನು ಬಿಟ್ಟಳು. ಏಳು ವರ್ಷ ಶಾಬಾಸ್ ತಿಂದು ಬೆಳೆದವಳಿಗೆ ಅಷ್ಟೊಂದು ಕೆಂಪನ್ನು ಒಮ್ಮೆಗೇ ನುಂಗಲಾಗಲಿಲ್ಲ. ಅರ್ಧ ದಿನದ ಹೊಲಿಗೆಯನ್ನು ಹಲ್ಲು ಕಚ್ಚಿ ಬಿಚ್ಚುತ್ತಿದ್ದ ಹುಡುಗಿ ಅವಳು. ಅಕ್ಷರದಲ್ಲಿ ಮೊದಲ ದಿನದಿಂದ ಯಾರಾದರೂ ತಿದ್ದಿದ್ದರೆ ಖಂಡಿತ ತಡೆದುಕೊಳ್ಳುತ್ತಿದ್ದಳು. "ಅಜ್ಜಿ ಎಲ್ಲಾರ ಮುಂದ ನನ್ನ ಮರ್ಯಾದಿ ತಗದ್ಲು," ಎಂದು ಅತ್ತಳು. ಅಜ್ಜಿ ಬೇಡಿಕೊಂಡಳು. ಅವಳು ಯಾರಲ್ಲಾದರೂ ಬೇಡಿಕೊಂಡದ್ದನ್ನು ನಾನು ಕಂಡದ್ದು ಅದೊಂದೇ ಸಲ. ಫಿಲ್ಲು ಒಪ್ಪಲಿಲ್ಲ. ಆ ಬೇಸಿಗೆ ಏಳನೆಯ ಮುಲ್ಕಿ ಪರೀಕ್ಷೆಯಲ್ಲಿ ಶಾಂತಾ ಪಾಸಾದಳು. ಫಿಲ್ಲು ನಪಾಸಾದಳು. ಮಾಸ್ತರು ಮನೆತನಕ ಬಂದು ಅವಳ ತಲೆ ಸವರಿ, "ಇರಲಿ ಬಿಡವಾ, ನಿನ್ನಂಗ ಓಡಾಕ ಯಾರಿಗಿ ಬರ್ತೈತಿ," ಎಂದು ಸಮಾಧಾನ ಮಾಡಿಹೋದರು. ಆ ವರ್ಷದ ನಂತರ ಅವಳ ಓಟವನ್ನು ಕೇಳಿಕೊಂಡು ಯಾರೂ ಬರಲಿಲ್ಲ.

ಐದು ವರ್ಷ ಕಳೆದು ನಮ್ಮ ವಾಡೆಗೇ ಬಾಲವಾಡಿ ಬಂತು. ಏಳನೆಯದು ಪಾಸಾದ ಹೆಣ್ಣುಮಗಳು ಬೇಕಾಗಿತ್ತು. ಮಕ್ಕಳೆಂದರೆ ಪ್ರಾಣ ಬಿಡುತ್ತಿದ್ದ ಫಿಲ್ಲು ಅದರ ಬಾಗಿಲಿಗೆ ಹೋಗಿ ವಾಪಸು ಬಂದಳು. ಆಮೇಲೆ ದಾಂಡೇಲಿಗೆ ಹೋದಳು, ಗುತ್ತಿಗೆಯವರ ಕೈಕೆಳಗೆ ಬಿದಿರು ಹೊತ್ತಳು, ಅಲ್ಲೇ ಮದುವೆಯಾದಳು. ನಾನು ಹಳಿಯಾಳದಲ್ಲಿ ಓದಿ ಮಾಸ್ತರಿಕೆಗೆ ಸೇರಿದೆ. ಮೊದಲ ದಿನ ಮಕ್ಕಳ ಪಟ್ಟಿ ತಿದ್ದಲು ಕೆಂಪು ಪೆನ್ನು ಹಿಡಿದೆ. ಎಲ್ಲರ ಪಟ್ಟಿಯನ್ನೂ ಕೊನೆಯ ಸಾಲಿನತನಕ ಓದಿದೆ. ಒಳ್ಳೆಯದಿದ್ದಲ್ಲಿ ಏನು ಒಳ್ಳೆಯದು ಎಂದು ಬರೆದೆ. ಅದು ಅಜ್ಜಿ ನನಗೆ ಕೊಡಲಾರದೆ ಹೋದದ್ದು. ಅಷ್ಟರಮಟ್ಟಿಗೆ ಅವಳ ಪಾಠವನ್ನೂ ನಾನು ತಿದ್ದಿದೆ.

ಫಿಲ್ಲು ನಲವತ್ತು ದಾಟುವ ಮೊದಲೇ ಹಾಸಿಗೆ ಹಿಡಿದಳು. ಕೊನೆಯ ತಿಂಗಳುಗಳಲ್ಲಿ ಭಾನುವಾರ ಭಾನುವಾರ ದಾಂಡೇಲಿಗೆ ಹೋಗಿ ಅವಳ ಪಕ್ಕದಲ್ಲಿ ಕೂರುತ್ತಿದ್ದೆ. ಒಂದು ದಿನ ಮಾಸ್ತರ ಮಾತು ಬಂತು. ನನ್ನೊಳಗಿನದನ್ನೆಲ್ಲ ಅಂದುಬಿಟ್ಟೆ. ಅವರು ನಿನ್ನ ಬದುಕು ತಿಂದರು, ಬೆತ್ತ ಹಿಡಿದಿದ್ದರೂ ಕ್ಷಮಿಸುತ್ತಿದ್ದೆ, ಆ ಕರುಣೆಯನ್ನು ಕ್ಷಮಿಸಲಾರೆ, ಎಂದೆ. ಫಿಲ್ಲು ತನ್ನ ಒಣಗಿದ ಕೈಯನ್ನು ನನ್ನ ಕೈ ಮೇಲಿಟ್ಟು ನಕ್ಕಳು. "ಹಂಗನಬ್ಯಾಡ. ನನ್ನ ಜಲ್ಮದಾಗ ಒಮ್ಮಿನೂ ಬೈದೇ ಇದ್ದವರು ಅಂದ್ರ ಆ ಮಾಸ್ತರ ಒಬ್ಬರೇ."

ನಾನು ಅವಳ ಕೌದಿಯನ್ನು ಎಳೆದು ಹೊದಿಸಿದೆ. ಈಗ ಅಕ್ಕ ಇಲ್ಲ, ಅಜ್ಜಿ ಎಂದೋ ಹೋದಳು, ವಾಡೆಯ ನಮ್ಮ ಮನೆ ನಿಂತಿದ್ದ ಜಾಗದಲ್ಲಿ ಯಾರೋ ಜೋಳ ಬಿತ್ತಿದ್ದಾರೆ. ಅಕ್ಕನಿಂದ ಆ ಮಾಸ್ತರು ಕಸಿದುಕೊಂಡದ್ದರಲ್ಲಿ ಅವಳಿಗೆ ಬರಬೇಕಾಗಿದ್ದ ಸಿಟ್ಟೂ ಒಂದು. ಅವಳು ಅವರನ್ನು ಪ್ರೀತಿಸುತ್ತಲೇ ಕಣ್ಣು ಮುಚ್ಚಿದಳು. ಅವಳ ಪಾಲಿನ ಸಿಟ್ಟನ್ನೂ ನಾನೇ ಇಟ್ಟುಕೊಂಡಿದ್ದೇನೆ.