ಗಾದಿ ಅಕ್ಕನ ಬಿಲ್ಲು

ಮೊನ್ನೆಯ ಮಳೆಗೆ ಹಂಚು ಸೋರಿ ನನ್ನ ಗಾದಿಯ ಒಂದು ಮೂಲೆ ತೊಯ್ದಿತು. ನೆಂದ ಹತ್ತಿಯ ವಾಸನೆ ಮೂಗಿಗೆ ಬಡಿದದ್ದೇ ತಡ, ಎದ್ದು ಬಾಗಿಲಿಗೆ ಬಂದೆ. ಬೇರೆಯವರಿಗೆ ಅದು ಬರೀ ಮುಗ್ಗಲು ವಾಸನೆ. ನನಗೆ ಹೊಳೆ ಊರೊಳಗೆ ಬಂದ ವರ್ಷದ ವಾಸನೆ... ಅದರ ಹಿಂದೆಯೇ ಎದುರು ಮನೆಯ ಗಾದಿ ಅಕ್ಕ ನೆನಪಾದಳು.

ಆಕೆ ಪಿಂಜಾರರ ಹೆಣ್ಣುಮಗಳು. ಗೋಕಾಕದ ನಮ್ಮ ಓಣಿಯವರೆಲ್ಲ ಮಲಗುತ್ತಿದ್ದದ್ದು ಆಕೆ ತುಂಬಿಕೊಟ್ಟ ಗಾದಿಗಳ ಮೇಲೆ. ಆಳುದ್ದದ ಕಟ್ಟಿಗೆಯ ಬಿಲ್ಲು, ಅದಕ್ಕೆ ಬಿಗಿದ ಹೆದೆ. ಅದನ್ನು ಮಿಡಿದು ಹತ್ತಿ ಬಿಡಿಸುವಾಗ ಓಣಿಗೆಲ್ಲ ಟಂವ್ ಟಂವ್ ಎಂದು ಕೇಳುತ್ತಿತ್ತು. ಊರಿಗೆ ಮಷೀನು ಬಂದರೂ ಆಕೆ ಬಿಲ್ಲು ಬಿಡಲಿಲ್ಲ. ಬಾಯಿ ಬಹಳ ಕೆಟ್ಟದು. ನನ್ನದೂ ಅಷ್ಟೇ. ಹಾಗಾಗಿ ನಮ್ಮಿಬ್ಬರದು ಅಷ್ಟಕ್ಕಷ್ಟೆ.

ಆ ದಿನ ಮುಂಜಾನೆ ಆಟೋಕ್ಕೆ ಮೈಕು ಕಟ್ಟಿಕೊಂಡು ಕೂಗುತ್ತ ಹೋದರು. ಮೇಲಿನ ಆಣೆಕಟ್ಟಿನಿಂದ ನೀರು ಬಿಟ್ಟಿದ್ದಾರೆ, ಧುಪದಾಳದಲ್ಲಿ ಹೊಳೆ ಉಕ್ಕಿದೆ, ಮನೆ ಬಿಡಿ ಎಂದರು. ಓಣಿಯವರು ಗಂಟು ಕಟ್ಟಿದರು. ನಾನು ಕಟ್ಟಲಿಲ್ಲ. ಮಗ, ಸೊಸೆ ಘಟಪ್ರಭಾದ ದವಾಖಾನೆಗೆ ಹೋಗಿದ್ದರು. ನಾಲ್ಕು ವರ್ಷದ ಮೊಮ್ಮಗಳು ನನ್ನ ಹತ್ತಿರ ಇದ್ದಳು. ನಮ್ಮತ್ತೆ ಹೇಳಿಕೊಟ್ಟ ಮಾತೊಂದಿತ್ತು: ಹೊಳೆ ಬಾಗಿಲಿಗೆ ಬಂದರೆ ಹೆದರಬಾರದು, ಅವಳು ತವರಿಗೆ ಬಂದ ಮಗಳು, ಉಡಿ ತುಂಬಿದರೆ ತಿರುಗಿ ಹೋಗುತ್ತಾಳೆ. ಹಿಂದೆ ಎರಡು ಸಲ ತುಂಬಿದ್ದೆ. ಮೆಟ್ಟಿಲು ಮುಟ್ಟಿ ಹೋಗಿದ್ದಳು. ಅದಕ್ಕೇ ಕುಪ್ಪಸದ ಹಸಿರು ಖಣ, ಅಕ್ಕಿ, ಕಾಯಿ, ಎಲೆ ಅಡಿಕೆ ಹುಡುಕುತ್ತ ಕೂತೆ.

ನೀರು ಮೆಟ್ಟಿಲೇರಿ ಬಂದಾಗ ಹೊಸ್ತಿಲಲ್ಲಿ ನಿಂತು ಖಣವನ್ನು ನೀರಿಗೆ ಬಿಟ್ಟೆ. ಅದು ಹೊಳೆಯ ಕಡೆ ಹೋಗಲಿಲ್ಲ. ನನ್ನ ಕಾಲ ಪಕ್ಕದಿಂದ ಮನೆಯೊಳಗೆ ಬಂತು.

ಹೆದರಿಕೆ ಅಂದರೇನು ಎಂದು ನನಗೆ ತಿಳಿದದ್ದು ಆಗ. ಕೆಂಪು ನೀರು ಮೊಣಕಾಲಿಗೆ ಬಂತು, ತೊಡೆಗೆ ಬಂತು... ಓಣಿ ಹಳ್ಳದ ಹಾಗೆ ಹರಿಯುತ್ತಿತ್ತು. ಕೂಸು ಕುತ್ತಿಗೆಗೆ ಜೋತುಬಿದ್ದಿತ್ತು. ಕೂಗಿದರೆ ಕೇಳುವವರು ಯಾರಿದ್ದರು?

ಗಾದಿ ಅಕ್ಕ ಎಲ್ಲರ ಜೊತೆ ದಿಬ್ಬದ ಮೇಲಿನ ಶಾಲೆಗೆ ಹೋಗಿದ್ದಳು. ಅಲ್ಲಿ ನಾನು ಕಾಣಲಿಲ್ಲವೆಂದು ಮೇಲಿನ ಓಣಿಯಿಂದ ತನ್ನ ಹಿತ್ತಲ ಬಾಗಿಲಿಗೆ ತಿರುಗಿ ಬಂದಳು. ಮನೆ ದಾಟಿ, ಮುಂದಿನ ಎತ್ತರದ ಕಟ್ಟೆಯಿಂದ ನೀರಿಗಿಳಿದು, ಒಂದು ಕೈಯಲ್ಲಿ ಕಿಡಕಿಯ ಸರಳು ಹಿಡಿದು, ಇನ್ನೊಂದರಲ್ಲಿ ಬಿಲ್ಲು ಚಾಚಿದಳು.

"ಇನ್ನೂ ಯಾಕ ನಿಂತೀ ಬೇ? ಹೊಳಿ ಜೋಡಿ ನೀನೂ ಹೊಂಟಿಯೇನ?"

"ಕೂಸೈತಿ ಅಕ್ಕಾ..."

"ಕಾಣತೈತಿ, ನನಗೇನ ಕಣ್ಣಿಲ್ಲ? ಸೆರಗಿಲೆ ಬೆನ್ನಿಗಿ ಬಿಗದ ಕಟ್ಟು. ಬಿಲ್ಲ ಹಿಡಿ. ನನ್ನ ಕೈ ಮಾತ್ರ ಹಿಡೀಬ್ಯಾಡ."

"ಯಾಕ?"

"ಕೈ ಹಿಡದ್ರ ಎಲ್ಲಾರೂ ಹೋಗ್ತೇವಿ. ಬಿಲ್ಲ ಹಿಡದ್ರ ನಾನರ ಉಳೀತೇನಿ."

ಅಂಥ ಹೊತ್ತಿನಲ್ಲೂ ನನಗೆ ಸಿಟ್ಟು ಬಂತು. ಆ ಸಿಟ್ಟಿನಿಂದಲೇ ಕಾಲು ಎತ್ತಿದೆ. ಇದ್ದದ್ದು ಐದಾರು ಹೆಜ್ಜೆ. ಮೂರನೆಯದಕ್ಕೆ ನೆಲ ಸಿಗಲಿಲ್ಲ... ಹೆದೆ ಅಂಗೈ ಕೊಯ್ದಿತು. ನಾನು ಬಿಡಲಿಲ್ಲ. ಕಟ್ಟೆ ಹತ್ತಿದ ಮೇಲೆ ನೋಡಿದರೆ ಆಕೆ ನನ್ನ ರಟ್ಟೆ ಹಿಡಿದಿದ್ದಳು. ಯಾವಾಗ ಹಿಡಿದಳೋ ಗೊತ್ತಿಲ್ಲ.

ನೀರಿಳಿದ ಮೇಲೆ ಓಣಿಗೆ ಬಂದೆವು. ಮನೆಯೊಳಗೆಲ್ಲ ರಾಡಿ. ಗಾದಿಗಳು ನಾರುತ್ತಿದ್ದವು. ಆಕೆ ಎಲ್ಲರ ಗಾದಿ ಕೊಯ್ದು ಹತ್ತಿ ತೆಗೆಸಿದಳು. ಹೆಂಗಸರೆಲ್ಲ ಸೇರಿ ತೊಳೆದೆವು. ದರ್ಗಾದ ಅಂಗಳದಲ್ಲಿ, ಗುಡಿಯ ಕಟ್ಟೆಯ ಮೇಲೆ, ಎಲ್ಲಿ ಬಿಸಿಲು ಬಿತ್ತೋ ಅಲ್ಲಿ ಹರವಿದೆವು. ಎಲ್ಲರ ಹತ್ತಿಯೂ ಕಲೆತು ಹೋಯಿತು. ನಾನು ಮೊಂಡಿ, "ನಂದು ನನಗ ಬ್ಯಾರೆ ಕೊಡು" ಎಂದೆ.

"ಒಯ್ಯಿ. ಹೆಸರ ಹಿಡದ ಕರಿ, ನಿಂದಿದ್ರ ಓಡಿ ಬರತೈತಿ" ಎಂದಳು.

ಹೆಂಗಸರು ಬಿದ್ದು ಬಿದ್ದು ನಕ್ಕರು. ನೀರು ಬಂದ ಮೇಲೆ ಓಣಿಯಲ್ಲಿ ಕೇಳಿದ ಮೊದಲ ನಗೆ ಅದು. ಯಾರ ಹತ್ತಿ ಯಾರ ಮನೆ ಸೇರಿತೋ, ಹೊಸ ಗಾದಿಗಳಾದವು. ಹೆದರಿಕೆ ಮಾತ್ರ ಒಣಗಲಿಲ್ಲ. ಮೋಡ ಕವಿದರೆ ಎಲ್ಲರ ಕೈ ಅಲ್ಲಲ್ಲೇ ನಿಲ್ಲುತ್ತಿತ್ತು.

ಅಲ್ಲಿಂದ ಮುಂದೆ ಹೊಳೆ ಏರಿದಾಗಲೆಲ್ಲ ಆಕೆ ಮೊದಲು ಬಡಿಯುತ್ತಿದ್ದದ್ದು ನಮ್ಮ ಬಾಗಿಲು. ನಾನು ಗೊಣಗುತ್ತಲೇ ಹೊರಡುತ್ತಿದ್ದೆ. ಒಳ್ಳೆಯ ಮಾತೊಂದನ್ನು ಆಕೆಗೆ ಆಡಲಿಲ್ಲ. ಆಡಬಹುದಿತ್ತು... ಹೋದ ಬೇಸಿಗೆಯಲ್ಲಿ ತೀರಿಕೊಂಡಳು. ಎದುರು ಮನೆಗೆ ಬೀಗ ಬಿದ್ದಿದೆ.

ನಿನ್ನೆ ಹೊಳೆ ಏರುತ್ತಿದೆ ಎಂದು ಸುದ್ದಿ ಬಂತು. ಮಾಡಿದ ಅಡಿಗೆ ಬಿಟ್ಟು ಮೊಮ್ಮಗಳ ಕೈ ಹಿಡಿದು ಹೊರಬಿದ್ದೆ. ಈಗ ನನ್ನ ಭುಜಕ್ಕೆ ಬಂದಿದ್ದಾಳೆ, ನನ್ನ ಅವಸರ ನೋಡಿ ನಗುತ್ತಾಳೆ.

"ಆಯೀ, ನೀರ ಇನ್ನೂ ಓಣಿಗಿ ಬಂದಿಲ್ಲ. ಬಂದ ಮ್ಯಾಲೆ ಹೋದ್ರಾತು."

"ಬಂದ ಮ್ಯಾಲೆ ನಮ್ಮನ್ನ ಕರಿಯಾಕ ಯಾರದಾರ?" ಎಂದೆ.