ಕೋಚ್ ತಂದ ಇನ್ನೊಂದು ಬಟ್ಟಲು

ನಾನೀಗ ಇರುವ ವಿದೇಶದ ಬಡಾವಣೆ ಕ್ಯಾನಿಂಗ್ ವೇಲ್‌ನ ನಮ್ಮ ಭಾನುವಾರದ ಫುಟ್‌ಬಾಲ್ ತಂಡದ ಕೋಚ್, ಒಂದು ಕಾಲದಲ್ಲಿ ಅರ್ಜೆಂಟೀನಾದಲ್ಲಿ ಸ್ಟ್ರೈಕರ್ ಆಗಿದ್ದವರು. ನಾವು ಗೋಲಿನ ಹತ್ತಿರ ಹೋದಾಗಲೆಲ್ಲ, ಗೆರೆಯಾಚೆ ನಿಂತ ಅವರ ಬಲಗಾಲು ತಾನಾಗಿ ಗಾಳಿಯನ್ನು ಒದೆಯುತ್ತಿತ್ತು. “ಹಂಚಿಕೊಂಡು ಆಡಿ!” ಎಂಬುದೊಂದೇ ಅವರ ಕೂಗು.

ಆಟ ಮುಗಿದ ಮೇಲೆ ಅವರ ಊರಿನ ಕಹಿ ಚಹಾ. ಒಂದೇ ಸೋರೆಬುರುಡೆಯ ಬಟ್ಟಲು, ಒಂದೇ ಸ್ಟ್ರಾ. ಮೊದಲು ತಾವು ಹೀರಿ, ಮತ್ತೆ ಬಿಸಿನೀರು ತುಂಬಿ ಒಬ್ಬೊಬ್ಬರಿಗೂ ಕೊಡುತ್ತಿದ್ದರು. ಮೊದಲ ಸಲ ನನ್ನ ಕೈಗೆ ಬಂದಾಗ ಸ್ಟ್ರಾವನ್ನು ಕರ್ಚೀಫಿನಿಂದ ಒರೆಸಿದೆ.

“ಅವ್ರು ನೋಡ್ಬಿಟ್ರು ಕಣೋ,” ಎಂದ ಪಕ್ಕದಲ್ಲಿದ್ದ ಮೈಸೂರಿನ ಗೆಳೆಯ.

“ಎಂಜಲು ಅಲ್ವೇನೋ?” ಎಂದೆ.

ಮುಂದಿನ ಭಾನುವಾರ ಕೋಚ್ ನನಗೆಂದೇ ಬೇರೆ ಬಟ್ಟಲು ತಂದಿದ್ದರು. “ಹೊಸದು. ನಾನು ಬಾಯಿ ಹಚ್ಚಿಲ್ಲ,” ಎಂದು ನಗುತ್ತಲೇ ಕೈಗಿಟ್ಟರು. ಹಳೆಯ ಬಟ್ಟಲು ನನ್ನನ್ನು ದಾಟಿ ಗೆಳೆಯನ ಕೈಗೆ ಹೋಯಿತು.