ಜೀಪಿನ ಟ್ಯೂಬಿನಲ್ಲಿ ಎರಡನೇ ಗಾಳಿ

ಮೇಲೂರಿನ ಹತ್ತಿರ ಹಿಪ್ಪುನೇರಳೆ ತೋಟದ ಕಪಿಲೆ ಬಾವಿಯೊಂದರಲ್ಲಿ ನನ್ನಣ್ಣ ಇನ್ನೇನು ಸತ್ತೇಹೋಗುತ್ತಿದ್ದ. ನಮ್ಮದು ಬಾವಿ ತೋಡುವ ಕೆಲಸ. ತಳದಲ್ಲಿ ನೀರು ಸಿಕ್ಕದಿದ್ದರೆ ಬಂಡೆಯೊಳಕ್ಕೆ ಅಡ್ಡ ಸುರಂಗ ಕೊರೆಯಬೇಕು. ಮದ್ದು ಸಿಡಿಸಿದ ಹೊಗೆ ಅಲ್ಲೇ ಕೂತಿರುತ್ತದೆ. ಬಾವಿಯ ಗಾಳಿ ಕೆಟ್ಟರೆ ಹೊಂಗೆ ಸೊಪ್ಪಿನ ಕಟ್ಟನ್ನು ಹಗ್ಗದಲ್ಲಿ ಇಳಿಸಿ, ಎತ್ತಿ, ಕಲಕುತ್ತೇವೆ. ಸುರಂಗಕ್ಕೆ ಅದು ಸಾಲದು. ಅದಕ್ಕೆ ಆಚಾರಿಯ ಕುಲುಮೆಯ ತಿದಿಯನ್ನು ಬಾವಿಕಟ್ಟೆಗೆ ತಂದು, ರಬ್ಬರ್ ಪೈಪು ಇಳಿಬಿಟ್ಟು, ಒಳಗಿದ್ದವನಿಗೆ ಗಾಳಿ ಒತ್ತುತ್ತಿದ್ದೆವು. ಆ ದಿನ ಪೈಪು ಎಲ್ಲೋ ಮಡಿಚಿಕೊಂಡಿತು. ಅಣ್ಣನನ್ನು ಸೊಂಟದ ಹಗ್ಗ ಹಿಡಿದು ಎಳೆದು ತೆಗೆದೆವು. ತುಟಿ ನೀಲಿಯಾಗಿತ್ತು.

ವಾರ ಕಳೆಯುವುದರೊಳಗೆ ಮತ್ತೆ ಇಳಿಯುತ್ತೇನೆಂದ.

"ಇನ್ನೊಂದು ಗಾಳಿ ಇಲ್ದೆ ನೀನು ಇಳಿಯಂಗಿಲ್ಲ," ಅಂದೆ.

ತೋಟದ ಗೌಡರು ನಕ್ಕರು. "ಸೈಕಲ್ ಪಂಪು ಕೊಡ್ತೀನಿ ತಗೊ. ನಿಮ್ಮಣ್ಣನ್ನೇ ಉಬ್ಬಿಸ್ಬಿಡು."

ಆಚಾರಿ ತನ್ನ ಹಳೆಯ ತಿದಿಯನ್ನೂ ಕೊಡುತ್ತೇನೆಂದ. ಬೇರೆ ಪೈಪು, ಒತ್ತಲು ಬೇರೆ ಆಳು. ಅಣ್ಣ ಒಪ್ಪಿದ. ನಾನೂ ಒಪ್ಪಿದೆ. ಅದು ನನ್ನ ತಪ್ಪು.

ಇಳಿಯಬೇಕಾದ ದಿನ ಬೆಳಿಗ್ಗೆ ಕುಲುಮೆಯಲ್ಲಿ ಬೆಂಕಿಯೇ ಇಲ್ಲ. ಆಚಾರಿ ಸ್ನಾನ ಮಾಡಿ ಜಗಲಿಯ ಮೇಲೆ ಕೂತಿದ್ದ.

"ಅಮಾವಾಸ್ಯೆ ಅಂತ ಗೊತ್ತಿಲ್ವೇನಪ್ಪ? ಇವತ್ತು ನಾವು ತಿದಿ ಮುಟ್ಟಲ್ಲ."

"ಹಳೇದಾದ್ರೂ ಕೊಡಿ ಆಚಾರ್ರೆ."

"ಹಳೇದೂ ನಮ್ಮನೇದೇ ಅಲ್ವಾ? ಅದಕ್ಕೂ ಅಮಾವಾಸ್ಯೆನೇ."

ಸಿಟ್ಟು ಬಂತು. ಜೊತೆಗೆ ಬುದ್ಧಿಯೂ ಬಂತು. ಒಂದು ನಿಂತಾಗ ಇನ್ನೊಂದೂ ನಿಲ್ಲುವುದಾದರೆ ಅವು ಎರಡಲ್ಲ. ಎರಡೂ ಪೈಪು ಇಳಿಯುವುದು ಒಂದೇ ದಾರಿಯಲ್ಲಿ. ಮೇಲಿಂದ ಕಲ್ಲು ಬಿದ್ದರೆ ಎರಡೂ ಚಪ್ಪಟೆ. ಎರಡನೇ ಗಾಳಿ ಅಣ್ಣನ ಮೈಮೇಲೇ ಇರಬೇಕು.

ಅಣ್ಣ ಕೇಳಲಿಲ್ಲ. "ಸೊಪ್ಪಲ್ಲೇ ಕಲಕಿ ಇಳೀತೀನಿ ಬಿಡೋ."

ನಾನು ರಾಟೆಯಿಂದ ಹಗ್ಗವನ್ನೇ ಬಿಚ್ಚಿ ಸೈಕಲ್ಲಿಗೆ ಸುತ್ತಿಕೊಂಡು ಶಿಡ್ಲಘಟ್ಟಕ್ಕೆ ಹೊರಟೆ. ಹಗ್ಗವಿಲ್ಲದೆ ಹೇಗೆ ಇಳಿಯುತ್ತಾನೆ?

ಪಂಕ್ಚರ್ ಅಂಗಡಿಯ ಸಾಬರು ಮೊದಲು ಲಾರಿ ಟ್ಯೂಬು ಎಳೆದು ಹಾಕಿದರು. ಸುರಂಗದ ಅಗಲಕ್ಕೆ ಹಗ್ಗದಲ್ಲಿ ಗಂಟು ಹಾಕಿಟ್ಟಿದ್ದೆ. ಅಳೆದೆ. ಹಿಡಿಸುವುದಿಲ್ಲ. ಸೈಕಲ್ ಟ್ಯೂಬಿನ ಗಾಳಿ ನಾಲ್ಕು ಉಸಿರಿಗೆ ಮುಗಿಯಿತು. ಕೊನೆಗೆ ಜೀಪಿನದು, ತೇಪೆ ಹಾಕಿದ ಹಳೆಯ ಟ್ಯೂಬು. ಅದರ ಮೂತಿಯೊಳಗಿನ ಪಿನ್ನು ತೆಗೆಸಿ, ಗೇಣುದ್ದ ಸೈಕಲ್ ಟ್ಯೂಬು ಸಿಕ್ಕಿಸಿ, ಗಾಳಿ ತುಂಬಿಸಿ, ಆ ತುಂಡನ್ನು ಮಡಿಚಿ ದಾರ ಕಟ್ಟಿದೆ. ದಾರ ಕಿತ್ತು ಹಲ್ಲಿನಲ್ಲಿ ಕಚ್ಚಿದರೆ ಮುಚ್ಚುತ್ತದೆ, ಸಡಿಲಿಸಿದರೆ ಉಸಿರು.

ಅಂಗಡಿಯ ಮುಂದೆ ದನ ನೀರು ಕುಡಿಯುವ ತೊಟ್ಟಿ ಇತ್ತು. ಅದರಲ್ಲಿ ಮುಖ ಮುಳುಗಿಸಿ ಉಸಿರಾಡಿದೆ. ಬಾಯಿ ತುಂಬ ರಬ್ಬರ್ ವಾಸನೆ, ಆದರೂ ತಲೆ ಎತ್ತಲಿಲ್ಲ. ಗಾಳಿ ಮುಗಿದು ಎದ್ದಾಗ, ನಾನು ಮುಳುಗುವಾಗ ಸಾಬರು ಹಚ್ಚಿದ್ದ ಬೀಡಿ ಅರ್ಧ ಸುಟ್ಟಿತ್ತು.

"ಏನಪ್ಪ, ಮೀನಾಗ್ತೀಯಾ?" ಅಂದರು.

ಆ ದಿನ ಅಣ್ಣನನ್ನು ಹೊರಗೆಳೆಯಲು ಅಷ್ಟು ಹೊತ್ತು ಹಿಡಿದಿರಲಿಲ್ಲ. ಸಾಕು, ಇದೇ ಅಂತ ತಂದೆ.

ಮಾರನೆಯ ದಿನ ತಿದಿ ಬಂತು; ಹಳೆಯದು ಬೇಡವೆಂದೆ. ಟ್ಯೂಬನ್ನು ಅಣ್ಣನ ಬೆನ್ನಿಗೆ ಬಿಗಿದೆ.

"ನಾನೇನು ಜೀಪೇನೋ?"

"ಕಟ್ಕೊ. ಇಲ್ದಿದ್ರೆ ನಾನು ಹಗ್ಗ ಹಿಡಿಯಲ್ಲ."

ಎರಡು ದಿನ ಏನೂ ಆಗಲಿಲ್ಲ. ಗೌಡರು ದಿನಾ ನಗುತ್ತಿದ್ದರು. ಮೂರನೆಯ ದಿನ ತಿದಿಯ ಚರ್ಮ ಪರ್ರನೆ ಹರಿಯಿತು. ನಾನು ಕೂಗುವ ಮೊದಲೇ ಕೆಳಗಿಂದ ಹಗ್ಗ ಎರಡು ಸಲ ಜಗ್ಗಿತು. ಗೌಡರೂ ಬಂದು ಕೈ ಹಾಕಿದರು. ಎಳೆದೆವು. ಬಾಯಲ್ಲಿ ರಬ್ಬರು ಕಚ್ಚಿಕೊಂಡೇ ಅಣ್ಣ ಮೇಲೆ ಬಂದ. ಟ್ಯೂಬು ಚಪ್ಪಟೆಯಾಗಿ ಬೆನ್ನಿಗೆ ಅಂಟಿತ್ತು. ತುಟಿ ನೀಲಿಯಾಗಿರಲಿಲ್ಲ.

ಉಗಿದು, ನೀರು ಕುಡಿದು, ಆಮೇಲೆ ಮಾತಾಡಿದ. "ತಿದಿ ಹೊಲಿಸು, ಟ್ಯೂಬು ತುಂಬ್ಸು. ಒಳಗೆ ಕಲ್ಲು ಒದ್ದೆಯಾಗೈತೆ ಕಣೋ."

ನಾನು ಗೌಡರ ಕಡೆ ತಿರುಗಿ ಸೈಕಲ್ ಪಂಪು ಕೇಳಿದೆ.